ಕೃತಿಗೆ ಕೀರ್ತಿ, ಕರ್ತೃವಿಗೆ ಮರೆವು: ಎಸ್. ಎಂ. ಪಂಡಿತ್ ಮತ್ತು ಸದಾಶಿವ ಸಾಠೆ

೧. ಪ್ರಸ್ತಾವನೆ

ಮುಂಬಯಿ ಕನ್ನಡದ ಚರಿತ್ರೆಯೆಂದು ನಾವು ಇದುವರೆಗೆ ಓದಿಕೊಂಡು ಬಂದಿರುವುದು ಬಹುಮಟ್ಟಿಗೆ ಮುಂಬಯಿಯ ಕನ್ನಡ ಸಾಹಿತ್ಯದ ಚರಿತ್ರೆ. ಗಂಗಾಧರ ಚಿತ್ತಾಲ, ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಅರವಿಂದ ನಾಡಕರ್ಣಿ, ಜಯಂತ ಕಾಯ್ಕಿಣಿ ಮೊದಲಾದವರ ಕೃತಿಗಳನ್ನು ಆಧರಿಸಿ ಹೊರನಾಡ ಕನ್ನಡಿಗನ ಅನುಭವಲೋಕವನ್ನು ಗುರುತಿಸುವ ಪ್ರಯತ್ನಗಳು ಸಾಕಷ್ಟು ನಡೆದಿವೆ. ಸಂಘಸಂಸ್ಥೆಗಳ, ಪತ್ರಿಕೆಗಳ, ಯಕ್ಷಗಾನ ಮಂಡಳಿಗಳ ಇತಿಹಾಸವೂ ಅಲ್ಲಲ್ಲಿ ದಾಖಲಾಗಿದೆ. ಇವುಗಳ ಮೌಲ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಚರಿತ್ರೆಯಲ್ಲಿ ಬರೆಯದೆ ಬಿಟ್ಟ ಪುಟವೊಂದಿದೆ. ಅಕ್ಷರವನ್ನು ಮಾಧ್ಯಮವಾಗಿ ಬಳಸದೆ, ಬಣ್ಣ, ಮಣ್ಣು, ಲೋಹಗಳಿಂದ ಬದುಕನ್ನು ಕಟ್ಟಿಕೊಂಡ ವೃತ್ತಿಕಲಾವಿದರು ಆ ಪುಟಕ್ಕೆ ಸೇರಬೇಕಾದವರು.

ಪ್ರಸ್ತುತ ಲೇಖನದಲ್ಲಿ ಅಂತಹ ಇಬ್ಬರ ಬಾಳು ಹಾಗೂ ವೃತ್ತಿಗಳನ್ನು ಎದುರುಬದುರಾಗಿ ಇಟ್ಟು ನೋಡಲು ಯತ್ನಿಸಿದ್ದೇವೆ. ಮೊದಲನೆಯವರು ಕಲಬುರಗಿಯ ಚಿತ್ರಕಾರ ಸಾಂಬಾನಂದ ಮೋನಪ್ಪ ಪಂಡಿತ್ (೧೯೧೬–೧೯೯೩). ಎರಡನೆಯವರು ಕಲ್ಯಾಣದಲ್ಲಿ ಬೆಳೆದು, ಡೊಂಬಿವಲಿಯಲ್ಲಿ ತಮ್ಮ ಶಿಲ್ಪಾಲಯವನ್ನು ಬಿಟ್ಟುಹೋಗಿರುವ ಮರಾಠಿ ಶಿಲ್ಪಿ ಸದಾಶಿವ ದತ್ತಾತ್ರೇಯ ಸಾಠೆ (೧೯೨೬–೨೦೨೧). ಒಬ್ಬರು ಕನ್ನಡ ನಾಡಿನಿಂದ ಮುಂಬಯಿಗೆ ಹೋದವರು, ಇನ್ನೊಬ್ಬರು ಮುಂಬಯಿಯ ಮಗ್ಗುಲಿನ ಊರಿನವರು. ಇಬ್ಬರ ಕೃತಿಗಳನ್ನೂ ಕೋಟ್ಯಂತರ ಜನ ಕಂಡಿದ್ದಾರೆ. ಕಂಡವರಲ್ಲಿ ಕರ್ತೃವಿನ ಹೆಸರನ್ನು ಬಲ್ಲವರು ವಿರಳ.

ಕನ್ನಡ ಪೀಠದ ಪತ್ರಿಕೆಯಲ್ಲಿ ಮರಾಠಿ ಶಿಲ್ಪಿಯೊಬ್ಬರ ಚರ್ಚೆ ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಪಂಡಿತರ ಬಗ್ಗೆ ಕನ್ನಡದಲ್ಲಿ ನಡೆದಿರುವ ಅಲ್ಪಸ್ವಲ್ಪ ಚರ್ಚೆ ಅವರನ್ನು ಕೆ. ವೆಂಕಟಪ್ಪ (೧೮೮೬–೧೯೬೫) ಅಥವಾ ಕೆ. ಕೆ. ಹೆಬ್ಬಾರ್ (೧೯೧೧–೧೯೯೬) ಅವರ ಪಕ್ಕದಲ್ಲಿ ನಿಲ್ಲಿಸಿ, ಕೊಂಚ ಕೆಳಗಿನ ಸ್ಥಾನವನ್ನು ನೀಡಿ ಮುಗಿದುಹೋಗುತ್ತದೆ. ಈ ಅಳತೆಗೋಲೇ ಸರಿಯಾದುದಲ್ಲವೆಂದು ನಮ್ಮ ಅಭಿಪ್ರಾಯ. ಬೇರೊಬ್ಬರ ಬೇಡಿಕೆಗೆ ರೂಪು ಕೊಡುವುದನ್ನೇ ವೃತ್ತಿಯಾಗಿ ಒಪ್ಪಿಕೊಂಡವರನ್ನು, ಅದೇ ನಿಬಂಧನೆಗೆ ಒಳಗಾಗಿ ದುಡಿದ ಮತ್ತೊಬ್ಬರೊಡನೆ ಹೋಲಿಸಿದಾಗ ಮಾತ್ರ ಅವರ ಸಾಧನೆಯೂ ಮಿತಿಯೂ ಸ್ಪಷ್ಟವಾಗುತ್ತವೆ. ಸಾಠೆಯವರ ಬದುಕು ನಮಗೆ ಅಂತಹ ಹೋಲಿಕೆಯನ್ನು ಒದಗಿಸುತ್ತದೆ.

೨. ಒಂದು ರೈಲುಮಾರ್ಗ, ಎರಡು ಊರು

೧೮೫೩ರ ಏಪ್ರಿಲ್ ೧೬ರಂದು ಮುಂಬಯಿಯ ಬೋರಿಬಂದರಿನಿಂದ ಥಾಣೆಗೆ ಓಡಿದ ರೈಲು ಮರುವರ್ಷ ಕಲ್ಯಾಣವನ್ನು ತಲುಪಿತು. ಕಲ್ಯಾಣದಲ್ಲಿ ಮಾರ್ಗ ಕವಲೊಡೆದು ಒಂದು ಶಾಖೆ ನಾಸಿಕದ ಕಡೆಗೂ ಇನ್ನೊಂದು ಘಟ್ಟವನ್ನೇರಿ ಪುಣೆ, ಸೊಲ್ಲಾಪುರಗಳ ಕಡೆಗೂ ಸಾಗುತ್ತದೆ. ಈ ಎರಡನೆಯ ಶಾಖೆ ಕಲಬುರಗಿಯನ್ನು ಹಾಯ್ದು ೧೮೭೧ರಲ್ಲಿ ರಾಯಚೂರನ್ನು ಮುಟ್ಟಿತು. ಹೈದರಾಬಾದ್ ಸಂಸ್ಥಾನದ ಆಳ್ವಿಕೆಗೆ ಒಳಪಟ್ಟಿದ್ದ ಕಲಬುರಗಿ ಸೀಮೆಯ ಕನ್ನಡಿಗನಿಗೆ ಮೈಸೂರು, ಬೆಂಗಳೂರುಗಳಿಗಿಂತ ಮುಂಬಯಿ ಹತ್ತಿರವಾದದ್ದು ಈ ಹಳಿಗಳಿಂದ. ಮೈಸೂರಿನ ಕಲಾವಿದನಿಗೆ ಅರಮನೆಯ ಆಶ್ರಯವಿತ್ತು. ಕಲಬುರಗಿಯ ಹುಡುಗನಿಗೆ ಇದ್ದದ್ದು ರೈಲು.

ಈ ಭೌಗೋಳಿಕ ಸಂಗತಿಯನ್ನು ಇಲ್ಲಿ ಎತ್ತಿ ಹೇಳಲು ಕಾರಣವಿದೆ. ಥಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಇಂದು ನೆಲಸಿರುವ ಕನ್ನಡಿಗರು ಒಂದೇ ಬಗೆಯವರಲ್ಲ. ಕರಾವಳಿಯಿಂದ ಬಂದು ಹೋಟೆಲು, ಬ್ಯಾಂಕು, ಕಚೇರಿಗಳಲ್ಲಿ ನೆಲೆ ಕಂಡವರು ಒಂದು ಕಡೆ. ೧೯೭೦ರ ನಂತರ ರೂಪುಗೊಂಡ ನವಿ ಮುಂಬಯಿಯ ಕಟ್ಟಡಗಳಿಗೆ ಕಲ್ಲು, ಮಣ್ಣು ಹೊತ್ತ ಕಲಬುರಗಿ, ವಿಜಯಪುರ ಸೀಮೆಯ ಕೂಲಿಕಾರರು ಇನ್ನೊಂದು ಕಡೆ. ಮುಂಬಯಿ ಕನ್ನಡದ ಸಾಹಿತ್ಯದಲ್ಲಿ ಮೊದಲ ವರ್ಗದ ದನಿ ಕೇಳಿದಷ್ಟು ಎರಡನೆಯ ವರ್ಗದ ದನಿ ಕೇಳಿಬಂದಿಲ್ಲ. ಪಂಡಿತರು ಬಂದ ದಾರಿ ಎರಡನೆಯ ವರ್ಗದವರ ದಾರಿ. ಕೈಕಸುಬನ್ನೇ ಬಂಡವಾಳವಾಗಿಸಿಕೊಂಡು ಕಲಬುರಗಿಯಿಂದ ಮುಂಬಯಿಗೆ ಹೋದವರಲ್ಲಿ ಅವರು ಮೊದಲಿಗರ ಸಾಲಿಗೆ ಸೇರುತ್ತಾರೆ.

೩. ಪಂಡಿತರ ವೃತ್ತಿಜೀವನ

ಪಂಡಿತರು ೧೯೧೬ರ ಮಾರ್ಚ್ ೨೫ರಂದು ಕಲಬುರಗಿಯಲ್ಲಿ ಜನಿಸಿದರು. ಮನೆತನದ್ದು ಲೋಹಗೆಲಸ. ಊರಿನ ಕಲಾಶಿಕ್ಷಕರಾಗಿದ್ದ ಶಂಕರರಾವ್ ಆಳಂದಕರ ಅವರಲ್ಲಿ ರೇಖಾಭ್ಯಾಸವನ್ನು ಪೂರೈಸಿ ಮುಂಬಯಿಗೆ ತೆರಳಿದ ಅವರಿಗೆ ಮೊದಲ ಆಸರೆಯಾದದ್ದು ಜಿ. ಎಸ್. ದಂಡಾವತಿಮಠರ ನೂತನ ಕಲಾಮಂದಿರ. ಹೆಬ್ಬಾರರೂ ಇದೇ ಕಲಾಮಂದಿರದ ವಿದ್ಯಾರ್ಥಿಯಾಗಿದ್ದರೆಂಬುದು ಗಮನಾರ್ಹ. ಕನ್ನಡ ಮೂಲದ ಗುರುವೊಬ್ಬರು ನಡೆಸುತ್ತಿದ್ದ ಈ ಸಣ್ಣ ಶಾಲೆ ಕರ್ನಾಟಕದ ಕಲಾಚರಿತ್ರೆಗೆ ನೀಡಿದ ಕಾಣಿಕೆಯನ್ನು ಕುರಿತ ಸ್ವತಂತ್ರ ಅಧ್ಯಯನವೊಂದು ನಡೆಯಬೇಕಾಗಿದೆ. ಅಲ್ಲಿಂದ ಪಂಡಿತರು ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಅವರ ಸಮಕಾಲೀನರಲ್ಲಿ ಹಲವರು ಪ್ರದರ್ಶನ, ಪದಕ, ವಿದೇಶಯಾತ್ರೆಗಳ ಮಾರ್ಗವನ್ನು ಹಿಡಿದರೆ ಪಂಡಿತರು ಪ್ರಚಾರಕಲೆಯನ್ನು ಆಯ್ದುಕೊಂಡರು. ೧೯೩೮ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೆಟ್ರೊ ಚಿತ್ರಮಂದಿರಕ್ಕೆ ಹಾಲಿವುಡ್ಡಿನ ಎಂ. ಜಿ. ಎಂ. ಸಂಸ್ಥೆಯ ಚಿತ್ರಗಳ ಷೋ ಕಾರ್ಡುಗಳನ್ನು ಬರೆದುಕೊಡುವ ಕೆಲಸ ಅವರ ಶೈಲಿಯನ್ನು ನಿರ್ಧರಿಸಿತು. ಷೋ ಕಾರ್ಡು ಎಂದರೆ ಚಿತ್ರಮಂದಿರದ ಮೊಗಸಾಲೆಯಲ್ಲಿ ಪ್ರೇಕ್ಷಕನನ್ನು ಸೆಳೆಯಲು ತೂಗುಹಾಕುವ, ಕೈಯಿಂದಲೇ ಬರೆದ ದಪ್ಪ ರಟ್ಟಿನ ಚಿತ್ರ. ಚಿತ್ರದ ಓಟ ಮುಗಿಯುತ್ತಿದ್ದಂತೆ ಅದರ ಆಯುಷ್ಯವೂ ಮುಗಿಯುತ್ತದೆ. ಗ್ವಾಷ್ ಎಂದು ಕರೆಯಲಾಗುವ ಅಪಾರದರ್ಶಕ ಜಲವರ್ಣದಲ್ಲಿ, ಛಾಯಾಚಿತ್ರದ ನಿಖರತೆಗೆ ಬಣ್ಣದ ಬೆಡಗನ್ನು ಸೇರಿಸಿ ಮುಖಕ್ಕೆ ಒಳಗಿನಿಂದ ಹೊಮ್ಮುವಂತಹ ಕಾಂತಿಯನ್ನು ತರುವ ಕೌಶಲವನ್ನು ಪಂಡಿತರು ಇಲ್ಲಿ ಸಾಧಿಸಿಕೊಂಡರು. ಬಾಬುರಾವ್ ಪಟೇಲರ 'ಫಿಲ್ಮಿಂಡಿಯಾ' ಪತ್ರಿಕೆಯ ಮುಖಪುಟಗಳು ಈ ಕೌಶಲವನ್ನು ದೇಶದಾದ್ಯಂತ ಹರಡಿದವು. ಮುಂದೆ ತಮ್ಮದೇ ಸ್ಟುಡಿಯೋವನ್ನು ಸ್ಥಾಪಿಸಿ ಹಿಂದಿ ಚಲನಚಿತ್ರಗಳ ಪ್ರಚಾರಚಿತ್ರಗಳನ್ನು ಅವರು ಬರೆದರು.

ಚಲನಚಿತ್ರದಿಂದ ಅವರು ಪಂಚಾಂಗದ ಕಡೆಗೆ, ಅಂದರೆ ವರ್ಷಾರಂಭದಲ್ಲಿ ವ್ಯಾಪಾರಸಂಸ್ಥೆಗಳು ಗಿರಾಕಿಗಳಿಗೆ ಹಂಚುವ ಕ್ಯಾಲೆಂಡರುಗಳ ಕಡೆಗೆ ಹೊರಳಿದರು. ರಾಧಾ-ಕೃಷ್ಣ, ನಳ-ದಮಯಂತಿ, ವಿಶ್ವಾಮಿತ್ರ-ಮೇನಕೆ ಮೊದಲಾದ ಪೌರಾಣಿಕ ವಸ್ತುಗಳು ಅವರ ಕುಂಚದಲ್ಲಿ ಹೊಸ ಮೈಕಟ್ಟನ್ನು ಪಡೆದವು. ಮುದ್ರಣಗೊಂಡ ಈ ಚಿತ್ರಗಳು ಕಿರಾಣಿ ಅಂಗಡಿಯಿಂದ ಹಿಡಿದು ದೇವರ ಕೋಣೆಯವರೆಗೆ ಸೇರಿದವು. ವರ್ಷ ಮುಗಿದ ಮೇಲೆ ತಾರೀಖಿನ ಹಾಳೆಯನ್ನು ಕತ್ತರಿಸಿ, ಚಿತ್ರಕ್ಕೆ ಚೌಕಟ್ಟು ಹಾಕಿಸಿ, ಕುಂಕುಮವಿಟ್ಟು ಪೂಜಿಸುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಚೌಕಟ್ಟು ಹಾಕುವಾಗ ಮೂಲೆಯಲ್ಲಿದ್ದ ಸಹಿ ಎಷ್ಟೋ ಬಾರಿ ಚೌಕಟ್ಟಿನ ಅಡಿಗೆ ಹೋಯಿತು. ೧೯೭೮ರಲ್ಲಿ ಲಂಡನ್ನಿನಲ್ಲಿ ಅವರ ಕೃತಿಗಳ ಪ್ರದರ್ಶನ ನಡೆಯಿತು. ಬಾಳಿನ ಉತ್ತರಾರ್ಧದಲ್ಲಿ ಕಲಬುರಗಿಗೆ ಮರಳಿದ ಪಂಡಿತರು ೧೯೯೩ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು.

೪. ಸಾಠೆಯವರ ವೃತ್ತಿಜೀವನ

ಪರಿಚಿತರಿಗೆಲ್ಲ 'ಭಾವೂ ಸಾಠೆ' ಆಗಿದ್ದ ಸದಾಶಿವ ಸಾಠೆ ೧೯೨೬ರಲ್ಲಿ ಜನಿಸಿದರು. ಅವರು ಬೆಳೆದದ್ದು ಕಲ್ಯಾಣದಲ್ಲಿ. ಭಾದ್ರಪದಕ್ಕೆ ತಿಂಗಳುಗಳ ಮುಂಚೆಯೇ ಗಣಪತಿಯ ಮಣ್ಣಿನ ಮೂರ್ತಿಗಳು ರೂಪುಗೊಳ್ಳತೊಡಗುವ ಪರಿಸರ ಅದು. ಮಣ್ಣನ್ನು ಬೆರಳಿನಿಂದ ಅರಿಯುವ ವಿದ್ಯೆ ಅಲ್ಲಿ ಶಾಲೆಗಿಂತ ಮೊದಲೇ ದೊರೆಯುತ್ತದೆ. ಮುಂದೆ ಪಂಡಿತರು ಓದಿದ ಜೆ. ಜೆ. ಕಲಾಶಾಲೆಯಲ್ಲೇ ಸಾಠೆಯವರು ಶಿಲ್ಪಕಲೆಯ ಶಿಕ್ಷಣ ಪಡೆದರು. ಗಣಪತರಾವ್ ಮ್ಹಾತ್ರೆ, ವಿನಾಯಕರಾವ್ ಕರಮರಕರ ಅವರಿಂದ ಬಂದ ವಾಸ್ತವವಾದಿ ಮುಖಶಿಲ್ಪದ ಪರಂಪರೆ ಆ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಬೇರುಬಿಟ್ಟಿತ್ತು. ಕರಮರಕರ ಅವರ ಅಶ್ವಾರೂಢ ಶಿವಾಜಿ ಪ್ರತಿಮೆ ೧೯೨೮ರಲ್ಲೇ ಪುಣೆಯಲ್ಲಿ ಸ್ಥಾಪಿತವಾಗಿ ಮುಂದಿನ ಶಿಲ್ಪಿಗಳಿಗೆ ಮಾದರಿಯಾಗಿತ್ತು.

ಮೂವತ್ತು ತುಂಬುವ ಮೊದಲೇ ಸಾಠೆಯವರಿಗೆ ದೊರೆತ ದೊಡ್ಡ ಅವಕಾಶ ದಿಲ್ಲಿಯ ಚಾಂದನಿ ಚೌಕದಲ್ಲಿ, ಪುರಭವನದ ಬಳಿ ನಿಲ್ಲಿಸಲಾದ ಗಾಂಧೀಜಿಯ ಕಂಚಿನ ಪ್ರತಿಮೆ. ಅನಂತರ ಅವರ ಕೆಲಸ ಸ್ವತಂತ್ರ ಭಾರತದ ಸಾರ್ವಜನಿಕ ಸ್ಮಾರಕಗಳ ಇತಿಹಾಸದೊಂದಿಗೆ ಬೆರೆತುಹೋಯಿತು. ಮಹಾರಾಷ್ಟ್ರ ರಾಜ್ಯ ಉದಯವಾದ ಮರುವರ್ಷವೇ, ೧೯೬೧ರ ಜನವರಿ ೨೬ರಂದು, ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಎದುರಿಗೆ ಅವರ ಅಶ್ವಾರೂಢ ಶಿವಾಜಿ ಪ್ರತಿಮೆ ಅನಾವರಣಗೊಂಡಿತು. ಗ್ವಾಲಿಯರಿನ ರಾಣಿ ಲಕ್ಷ್ಮೀಬಾಯಿ ಅವರದೇ ಕೃತಿ. ಹಿಂದೆ ಎಡ್ವರ್ಡ್ ದೊರೆಯ ಹೆಸರಿನಲ್ಲಿದ್ದ ದಿಲ್ಲಿಯ ಉದ್ಯಾನದಲ್ಲಿ ೧೯೭೫ರಲ್ಲಿ ಸ್ಥಾಪಿತವಾದ, ಸಂಗಡಿಗರೊಡನಿರುವ ಸುಭಾಷಚಂದ್ರ ಬೋಸರ ಶಿಲ್ಪಸಮೂಹವನ್ನೂ ಅವರೇ ರೂಪಿಸಿದರು. ಇಂಗ್ಲೆಂಡಿನ ಮೌಂಟ್‌ಬ್ಯಾಟನ್ ಹಾಗೂ ಪ್ರಿನ್ಸ್ ಫಿಲಿಪ್ ಅವರ ಮುಖಶಿಲ್ಪಗಳನ್ನು ಮಾಡಿದ ಖ್ಯಾತಿಯೂ ಅವರದು. ೨೦೨೧ರ ಆಗಸ್ಟ್ ತಿಂಗಳಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಕಂಚಿನ ಪ್ರತಿಮೆಯ ಕೆಲಸ ಒಬ್ಬನಿಂದ ಆಗುವಂತಹುದಲ್ಲ. ಕಬ್ಬಿಣದ ಸರಳುಗಳ ಹಂದರದ ಮೇಲೆ ಜೇಡಿಮಣ್ಣಿನಲ್ಲಿ ಪೂರ್ಣಪ್ರಮಾಣದ ರೂಪವನ್ನು ಎತ್ತಬೇಕು. ಅದರಿಂದ ಪ್ಲಾಸ್ಟರಿನ ಅಚ್ಚನ್ನು ತೆಗೆಯಬೇಕು. ಆ ಅಚ್ಚಿನ ಆಧಾರದಿಂದ ಎರಕಹೊಯ್ದು, ಭಾಗಗಳನ್ನು ಬೆಸೆದು, ಉಳಿಯಿಂದ ಸವರಿ, ಕೊನೆಗೆ ಮೇಲ್ಮೈಗೆ ಬಣ್ಣ ಬರಿಸಬೇಕು. ಅಶ್ವಾರೂಢ ಪ್ರತಿಮೆಯಲ್ಲಂತೂ ಟನ್‌ಗಟ್ಟಲೆ ಭಾರವನ್ನು ಕುದುರೆಯ ತೆಳುವಾದ ಕಾಲುಗಳ ಮೇಲೆ ಸಮತೋಲನಗೊಳಿಸುವ ಲೆಕ್ಕಾಚಾರವೂ ಸೇರಿಕೊಳ್ಳುತ್ತದೆ. ಮಣ್ಣು ಕಲಸುವವರು, ಅಚ್ಚು ತೆಗೆಯುವವರು, ಎರಕದವರು ಕೂಡಿ ದುಡಿಯುವ ಕಾರ್ಯಶಾಲೆಗೆ ಶಿಲ್ಪಿ ಯಜಮಾನನಾಗಿ ನಿಲ್ಲಬೇಕಾಗುತ್ತದೆ. ಬೇಲೂರು, ಹಳೇಬೀಡುಗಳ ಶಿಲ್ಪಿಗಳ ಬಗೆಗೆ ನಾವು ಮಾಡಿಕೊಂಡಿರುವ ಕಲ್ಪನೆಗೆ ಈ ವ್ಯವಸ್ಥೆ ಹತ್ತಿರವಾಗಿದೆ.

೫. ತೌಲನಿಕ ವಿವೇಚನೆ

ಇಬ್ಬರ ಬದುಕುಗಳಲ್ಲಿ ಮೇಲ್ನೋಟಕ್ಕೇ ಕಾಣುವ ಸಾಮ್ಯಗಳು ಹಲವು. ಕೈಕಸುಬಿನ ನೆರೆಯಲ್ಲಿ ಬಾಲ್ಯ, ಒಂದೇ ಕಲಾಶಾಲೆಯ ವಾಸ್ತವವಾದಿ ಶಿಕ್ಷಣ, ಬೇಡಿಕೆಯ ಮೇಲೆ ಕೆಲಸ, ಅಪಾರವಾದ ವೀಕ್ಷಕ ಸಮುದಾಯ, ವಿಮರ್ಶಕರ ಮೌನ. ಆದರೆ ಸಾಮ್ಯಗಳನ್ನು ಪಟ್ಟಿ ಮಾಡಿ ಮುಗಿಸಿದರೆ ಹೋಲಿಕೆಯ ಪ್ರಯೋಜನ ಅರ್ಧಕ್ಕೇ ನಿಲ್ಲುತ್ತದೆ. ಭೇದಗಳು ಇನ್ನೂ ಹೆಚ್ಚು ಅರ್ಥಪೂರ್ಣವಾಗಿವೆ.

ಮೊದಲನೆಯದು ಪೋಷಕರ ಭೇದ. ಪಂಡಿತರ ಪೋಷಕ ಮಾರುಕಟ್ಟೆ. ಚಿತ್ರನಿರ್ಮಾಪಕನಿಗಾಗಲಿ ಕ್ಯಾಲೆಂಡರು ಮಾಡಿಸುವ ವ್ಯಾಪಾರಿಗಾಗಲಿ ಬೇಕಾಗಿದ್ದುದು ದಾರಿಹೋಕನ ಕಣ್ಣನ್ನು ಒಂದು ಕ್ಷಣ ಹಿಡಿದು ನಿಲ್ಲಿಸುವ ಆಕರ್ಷಣೆ. ಸಾಠೆಯವರ ಪೋಷಕ ನಗರಸಭೆ, ಸರಕಾರ, ಸ್ಮಾರಕ ಸಮಿತಿ. ಅವರಿಗೆ ಬೇಕಾಗಿದ್ದುದು ಎಲ್ಲರೂ ಒಪ್ಪುವ, ಯಾರನ್ನೂ ಕೆರಳಿಸದ, ಕಾಲಕ್ಕೆ ನಿಲ್ಲುವ ಗಾಂಭೀರ್ಯ. ಮಾರುಕಟ್ಟೆ ಹೊಸತನವನ್ನು ಬೇಡುತ್ತದೆ, ಆದರೆ ಅದೇ ಮುಖವನ್ನು ಮತ್ತೆ ಕೇಳುತ್ತದೆ. ಸಮಿತಿ ನಿಖರತೆಯನ್ನು ಬೇಡುತ್ತದೆ, ಆದರೆ ವ್ಯಕ್ತಿಯ ದೌರ್ಬಲ್ಯ, ಆಯಾಸ, ಸಂದೇಹಗಳನ್ನು ಕೆತ್ತಲು ಬಿಡುವುದಿಲ್ಲ. ಇಬ್ಬರ ಶೈಲಿಯೂ ಈ ಒತ್ತಡಗಳಲ್ಲಿ ರೂಪುಗೊಂಡಿದೆ.

ಎರಡನೆಯದು ಪ್ರತಿಯ ಭೇದ. ಪಂಡಿತರ ಮೂಲಚಿತ್ರ ಮುದ್ರಣಾಲಯಕ್ಕೆ ಹೋಗಿ ಸಾವಿರ, ಲಕ್ಷವಾಗಿ ಹೊರಬರುತ್ತದೆ. ಜನ ಕಂಡದ್ದು ಮುದ್ರಿತ ಪ್ರತಿಯನ್ನು; ಮೂಲವನ್ನು ಕಂಡವರು ಬೆರಳೆಣಿಕೆಯವರು. ಮುದ್ರಣದಲ್ಲಿ ಬಣ್ಣಗಳು ಗಡುಸಾಗುತ್ತವೆ, ನಯವಾದ ಛಾಯೆಗಳು ಒಂದರೊಳಗೊಂದು ಸೇರಿಹೋಗುತ್ತವೆ. ಆದ್ದರಿಂದ ಪಂಡಿತರನ್ನು ಕ್ಯಾಲೆಂಡರಿನಿಂದ ಮಾತ್ರ ಅಳೆಯುವುದು ಕವಿಯೊಬ್ಬನನ್ನು ಅಚ್ಚಿನ ತಪ್ಪುಗಳಿಂದ ತುಂಬಿದ ಆವೃತ್ತಿಯಿಂದ ಅಳೆದಂತೆ. ಸಾಠೆಯವರ ಪ್ರತಿಮೆಯಾದರೋ ಒಂದೇ ಒಂದು. ಅದಿರುವಲ್ಲಿಗೆ ಜನ ಹೋಗಬೇಕು. ಜನ ಹೋಗುತ್ತಾರೆ ಕೂಡ. ಆದರೆ ಅವರು ಕಾಣುವುದು ಶಿವಾಜಿಯನ್ನು, ಗಾಂಧಿಯನ್ನು. ಸ್ಮರಣೀಯ ವ್ಯಕ್ತಿಯ ಹೆಸರು ಎಷ್ಟು ದೊಡ್ಡದೋ ಶಿಲ್ಪಿಯ ಹೆಸರು ಅಷ್ಟು ಚಿಕ್ಕದಾಗುತ್ತದೆ.

ಮೂರನೆಯದು ವಸ್ತುವಿನ ಭೇದ. ನಮ್ಮ ದೃಷ್ಟಿಯಲ್ಲಿ ಇದೇ ಮುಖ್ಯವಾದುದು. ಪಂಡಿತರು ದೇವರುಗಳಿಗೆ ಸಿನಿಮಾ ನಟನಟಿಯರ ಮಾಂಸಲತೆಯನ್ನೂ ಬೆಳಕನ್ನೂ ಕೊಟ್ಟರು. ಅವರ ಕೃಷ್ಣನ ಮುಖದ ಮೇಲೆ ಬೀಳುವ ಬೆಳಕು ಸ್ಟುಡಿಯೋದ ದೀಪದ ಬೆಳಕು. ಅವರ ಮೇನಕೆ ಪರದೆಯ ಮೇಲಿನ ನಾಯಿಕೆಯಂತೆ ನೋಡುಗರ ಇರವನ್ನು ಬಲ್ಲವಳು. ಹೀಗೆ ಪುರಾಣಲೋಕ ಮನುಷ್ಯನ ಸಮೀಪಕ್ಕೆ ಇಳಿದುಬಂದಿತು. ಸಾಠೆಯವರ ಕೆಲಸದ ದಿಕ್ಕು ಇದಕ್ಕೆ ವಿರುದ್ಧವಾದುದು. ಮೊನ್ನೆ ಮೊನ್ನೆಯವರೆಗೆ ನಮ್ಮ ನಡುವೆ ಓಡಾಡಿದ ಗಾಂಧಿ, ಬೋಸರಂತಹವರನ್ನು ಅವರು ಪೀಠದ ಮೇಲೆ ನಿಲ್ಲಿಸಿ, ಕತ್ತೆತ್ತಿ ನೋಡಬೇಕಾದ ವಿಗ್ರಹಗಳನ್ನಾಗಿ ಮಾಡಬೇಕಾಯಿತು. ಗಣರಾಜ್ಯದ ಮೊದಲ ದಶಕಗಳ ಜನಮನಸ್ಸಿಗೆ ಇವೆರಡೂ ಬೇಕಾಗಿದ್ದವು: ಮನೆಯೊಳಗೆ ಆಪ್ತವಾದ ದೇವರು, ಚೌಕದಲ್ಲಿ ದೂರದಿಂದ ಕಾಣುವ ನಾಯಕ. ಈ ಇಬ್ಬರನ್ನು ಕೂಡಿಸಿ ಓದಿದಾಗ ಆ ಕಾಲದ ದೃಶ್ಯಸಂಸ್ಕೃತಿಯ ಒಳಗಿನ ರಚನೆ ನಮಗೆ ಗೋಚರಿಸುತ್ತದೆ. ಒಬ್ಬರನ್ನೇ ಓದಿದಾಗ ಅದು ಸಿಗುವುದಿಲ್ಲ.

೬. ವಿಮರ್ಶೆಯ ಮೌನ

ಇಂತಹ ಕಲಾವಿದರ ವಿಷಯದಲ್ಲಿ ವಿಮರ್ಶೆ ಏಕೆ ಸುಮ್ಮನಾಯಿತು? ೧೯೪೭ರಲ್ಲಿ ಮುಂಬಯಿಯಲ್ಲಿ ಪ್ರಗತಿಪರ ಕಲಾವಿದರ ಗುಂಪು ಹುಟ್ಟಿದ ಮೇಲೆ ಆಧುನಿಕ ಭಾರತೀಯ ಕಲೆಯ ಕಥನವನ್ನು ಆ ಗುಂಪಿನಿಂದ ಆರಂಭಿಸುವುದು ರೂಢಿಯಾಯಿತು. ವಾಸ್ತವವಾದಿ ಶೈಲಿ ಪರಕೀಯ ಶಾಲೆಯ ಪಳೆಯುಳಿಕೆಯೆಂದೂ, ಬೇಡಿಕೆಯ ಕಲೆ ಬಜಾರಿನ ಸರಕೆಂದೂ ಪರಿಗಣಿತವಾದವು. ಹೆಬ್ಬಾರರು ಜೆ. ಜೆ. ಶಾಲೆಯ ಶಿಕ್ಷಣವನ್ನು ಮೀರಿ ತಮ್ಮದೇ ರೇಖೆಯನ್ನು ಕಂಡುಕೊಂಡದ್ದರ ಹಿರಿಮೆಯನ್ನು ನಾವು ಮುಕ್ತಮನಸ್ಸಿನಿಂದ ಒಪ್ಪುತ್ತೇವೆ. ಆದರೆ ಅದೇ ಶಿಕ್ಷಣವನ್ನು ಮೀರದೆ, ಅದನ್ನು ಜನಸಾಮಾನ್ಯರ ಮನೆಬಾಗಿಲಿಗೆ ಒಯ್ದವನ ಕೆಲಸಕ್ಕೂ ಒಂದು ಚರಿತ್ರೆ ಇದೆ.

ಕನ್ನಡಕ್ಕೆ ಈ ಚರ್ಚೆ ಹೊಸದೇನಲ್ಲ. ಕಲೆಯ ಬಗ್ಗೆ ಕನ್ನಡದಲ್ಲಿ ಗಂಭೀರವಾಗಿ ಬರೆದ ಮೊದಲಿಗರಲ್ಲಿ ಶಿವರಾಮ ಕಾರಂತರಂತೆ ಅ. ನ. ಕೃಷ್ಣರಾಯರೂ ಒಬ್ಬರು. ಭಾರತೀಯ ಚಿತ್ರಕಲೆಯಲ್ಲಿ ರಾಜಾ ರವಿವರ್ಮನ ಸ್ಥಾನವೇನು ಎಂಬುದನ್ನೇ ವಸ್ತುವಾಗಿಸಿಕೊಂಡು ಅನಕೃ ಒಂದು ಪುಸ್ತಕವನ್ನು ರಚಿಸಿದರು. ರವಿವರ್ಮನ (೧೮೪೮–೧೯೦೬) ಎಣ್ಣೆಬಣ್ಣದ ಚಿತ್ರಗಳೂ ಅವನ ಮುದ್ರಣಾಲಯದಿಂದ ಹೊರಬಂದ ಅಗ್ಗದ ಪ್ರತಿಗಳೂ ಎಬ್ಬಿಸಿದ ಪ್ರಶ್ನೆಗಳೇ ಪಂಡಿತರ ವಿಷಯದಲ್ಲೂ ಏಳುತ್ತವೆ. ಮುಂಬಯಿಯಲ್ಲಿ ಆರಂಭವಾದ ಆ ಮುದ್ರಣಾಲಯ ಆಮೇಲೆ ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರಗೊಂಡಿತು. ಅದೂ ಕಲ್ಯಾಣದಿಂದ ಪುಣೆಗೆ ಹೋಗುವ ಮಾರ್ಗದಲ್ಲೇ ಇದೆ. ರವಿವರ್ಮನ ಮೇಲೆ ನಡೆದ ಚರ್ಚೆಯನ್ನು ಅವನ ಅನಂತರದ ತಲೆಮಾರಿಗೆ ಮುಂದುವರಿಸಿದ್ದರೆ ಕಲಬುರಗಿಯ ಪಂಡಿತರು ನಮ್ಮ ವಿಮರ್ಶೆಯ ಕಣ್ಣಿಗೆ ಬೀಳದೆ ಉಳಿಯುತ್ತಿರಲಿಲ್ಲ.

ನಮ್ಮ ಪರಂಪರೆಯಲ್ಲಿ ಕಲಾವಿದ ಹೆಸರಿಲ್ಲದವನಾಗಿಯೇ ಇರುತ್ತಿದ್ದನೆಂಬ ವಾದವೊಂದುಂಟು. ಶಾಸನಗಳು ಈ ವಾದವನ್ನು ಸಮರ್ಥಿಸುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಹಾಗೂ ಅವನ ಮಗ ಚಾವಣ, ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಆದರೂ ಜನಮನಸ್ಸು ಅವರನ್ನೆಲ್ಲ ಬಿಟ್ಟು ಜಕಣಾಚಾರಿಯ ಐತಿಹ್ಯವನ್ನೇ ಹಿಡಿದುಕೊಂಡಿತು. ಸಹಿ ಹಾಕುವುದು ಕಲಾವಿದನ ಕೆಲಸ, ಅದನ್ನು ಓದುವುದು ಸಂಶೋಧಕನ ಕೆಲಸ. ದಾಸೋಜನ ಹೆಸರು ನಮಗೆ ದಕ್ಕಿದ್ದು ಶಾಸನತಜ್ಞರು ಓದಿದ್ದರಿಂದ. ಪಂಡಿತರ ಸಹಿ ಇಪ್ಪತ್ತನೆಯ ಶತಮಾನದ್ದಾಗಿದ್ದೂ ಅಂತಹ ಓದುಗನಿಗಾಗಿ ಕಾದಿದೆ.

೭. ಮಿತಿಗಳು

ಮರೆವಿಗೆ ಸಂದವರನ್ನು ಎತ್ತಿ ಹಿಡಿಯುವ ಉತ್ಸಾಹದಲ್ಲಿ ವಿವೇಚನೆಯನ್ನು ಕೈಬಿಡಲಾಗದು. ಪಂಡಿತರ ಪೌರಾಣಿಕ ಚಿತ್ರಗಳಲ್ಲಿ ಮುಖಗಳು ಪುನರಾವರ್ತನೆಗೊಳ್ಳುತ್ತವೆ. ದಮಯಂತಿಯ ವಿರಹಕ್ಕೂ ರಾಧೆಯ ಉತ್ಕಂಠೆಗೂ ಭೇದವನ್ನು ಸೂಚಿಸುವುದು ಹಲವೊಮ್ಮೆ ಮುಖಭಾವವಲ್ಲ, ಸುತ್ತಲಿನ ಪರಿಕರ. ಹಂಸವಿದ್ದರೆ ಅವಳು ದಮಯಂತಿ, ಕೊಳಲಿದ್ದರೆ ಇವಳು ರಾಧೆ. ಭರತನ ರಸವಿಚಾರದ ಪರಿಭಾಷೆಯಲ್ಲಿ ಹೇಳುವುದಾದರೆ ವಿಭಾವವು ಸಮೃದ್ಧವಾಗಿದ್ದು ಸಂಚಾರಿಭಾವಗಳು ಸೊರಗಿವೆ. ಮೈಯ ಹೊಳಪು ಕಣ್ಣನ್ನು ಎಷ್ಟು ಬೇಗ ಸೆಳೆಯುತ್ತದೆಯೋ ಅಷ್ಟೇ ಬೇಗ ತಣಿಸಿಬಿಡುತ್ತದೆ. ಪ್ರಚಾರಕಲೆಯಲ್ಲಿ ಗುಣವಾದದ್ದು ಇಲ್ಲಿ ದೋಷವಾಗಿದೆ.

ಸಾಠೆಯವರ ಮಿತಿ ಬೇರೆ ಬಗೆಯದು. ಸಾರ್ವಜನಿಕ ಪ್ರತಿಮೆಯಲ್ಲಿ ಸಾದೃಶ್ಯ ಮತ್ತು ಘನತೆ ಎಂಬ ಎರಡು ನಿಬಂಧನೆಗಳ ನಡುವೆ ಶಿಲ್ಪಿಯ ಸ್ವಂತ ದನಿಗೆ ದೊರೆಯುವ ಅವಕಾಶ ಅತ್ಯಲ್ಪ. ಅವರ ಪ್ರತಿಮೆಗಳ ರಚನೆ ದೃಢವಾಗಿದೆ, ಅಂಗವಿನ್ಯಾಸ ನಿರ್ದುಷ್ಟವಾಗಿದೆ. ಆದರೆ ಶಿಲ್ಪಿ ತನ್ನ ಕಾಲದ ಬಗ್ಗೆ ಏನನ್ನು ಭಾವಿಸಿದ್ದನೆಂಬುದನ್ನು ಅವು ಹೇಳುವುದಿಲ್ಲ. ಅದನ್ನು ಅರಸಬೇಕಾದರೆ ಅವರ ಮುಖಶಿಲ್ಪಗಳ ಕಡೆಗೆ ತಿರುಗಬೇಕು. ದೊಡ್ಡ ಪೀಠದ ಹೊರೆಯಿಲ್ಲದ, ಕಣ್ಣಿನ ಮಟ್ಟದಲ್ಲಿರುವ ಈ ಕೆಲಸಗಳಲ್ಲಿ ಕಲ್ಯಾಣದ ಮಣ್ಣಿನ ಪಾಠ ಹೆಚ್ಚು ಜೀವಂತವಾಗಿದೆ ಎಂದು ನಮಗೆ ತೋರುತ್ತದೆ.

ಈ ಮಿತಿಗಳನ್ನು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಇಬ್ಬರ ದೋಷಗಳೂ ಅಸಾಮರ್ಥ್ಯದಿಂದ ಬಂದವಲ್ಲ. ಅವರು ಒಪ್ಪಿಕೊಂಡ ವೃತ್ತಿಯ ನಿಬಂಧನೆಗಳಿಂದ ಬಂದವು. ಆಸ್ಥಾನಕವಿಯ ಪ್ರಶಸ್ತಿಪದ್ಯಗಳನ್ನು ವಿವೇಚಿಸುವಾಗ ರಾಜಾಶ್ರಯದ ಒತ್ತಡವನ್ನು ಗಣನೆಗೆ ತೆಗೆದುಕೊಳ್ಳುವ ನಮ್ಮ ಸಾಹಿತ್ಯ ವಿಮರ್ಶೆ, ಮಾರುಕಟ್ಟೆಯ ಹಾಗೂ ಸಮಿತಿಗಳ ಆಶ್ರಯದಲ್ಲಿ ದುಡಿದವರಿಗೂ ಅದೇ ನ್ಯಾಯವನ್ನು ಸಲ್ಲಿಸಬೇಕು.

೮. ಸ್ಮರಣೆಯ ಎರಡು ಬಗೆ

ಇಬ್ಬರೂ ಇಂದು ಸ್ಮರಿಸಲ್ಪಡುತ್ತಿರುವ ರೀತಿಯಲ್ಲಿ ವಿಚಿತ್ರವಾದ ವೈದೃಶ್ಯವಿದೆ. ಡೊಂಬಿವಲಿಯ ಕೈಗಾರಿಕಾ ವಸಾಹತಿನ ಪ್ರದೇಶದಲ್ಲಿರುವ ಸಾಠೆ ಶಿಲ್ಪಾಲಯದಲ್ಲಿ ಅವರ ಕೃತಿಗಳು ಒಂದೆಡೆ ಸಂಗ್ರಹಗೊಂಡಿವೆ. ದಿಲ್ಲಿ, ಗ್ವಾಲಿಯರ್, ಮುಂಬಯಿಗಳಲ್ಲಿ ಚದುರಿಹೋಗಿರುವ ಒಂದು ಬಾಳಿನ ಕೆಲಸವನ್ನು ಸಮಗ್ರವಾಗಿ ನೋಡಲು ಅಲ್ಲಿ ಸಾಧ್ಯವಿದೆ. ಪ್ರತಿದಿನ ಮುಂಬಯಿಗೆ ಹೋಗಿಬರುವ ಲಕ್ಷಾಂತರ ನೌಕರರ ಊರಾದ ಡೊಂಬಿವಲಿಯಲ್ಲಿ ಇಂತಹುದೊಂದು ತಾಣವಿರುವುದೇ ವಿಶೇಷ. ಆದರೆ ಗೇಟ್‌ವೇ ಎದುರು ಛಾಯಾಚಿತ್ರ ತೆಗೆಸಿಕೊಳ್ಳುವ ಪ್ರವಾಸಿಗೆ ಇದರ ಅರಿವಿಲ್ಲ. ಕೃತಿ ಉಳಿದಿದೆ, ಹೆಸರು ಅದರ ಹಿಂದೆ ಸರಿದಿದೆ.

ಕಲಬುರಗಿಯಲ್ಲಿ ಪರಿಸ್ಥಿತಿ ತಲೆಕೆಳಗಾಗಿದೆ. ಅಲ್ಲಿ ಪಂಡಿತರ ಹೆಸರು ಊರಿಗೆಲ್ಲ ಗೊತ್ತು. ಊರಿನ ಮುಖ್ಯ ಸಭಾಂಗಣದ ಹೆಸರೇ ಡಾ. ಎಸ್. ಎಂ. ಪಂಡಿತ್ ರಂಗಮಂದಿರ. ನಾಟಕ, ಉಪನ್ಯಾಸ, ಪುಸ್ತಕ ಬಿಡುಗಡೆಗಳ ಆಮಂತ್ರಣಪತ್ರಿಕೆಗಳಲ್ಲಿ ಆ ಹೆಸರು ದಿನವೂ ಅಚ್ಚಾಗುತ್ತದೆ. ಆದರೆ ಆ ಹೆಸರಿನವರು ಯಾವ ಚಿತ್ರಗಳನ್ನು ಬರೆದರೆಂದು ಕೇಳಿದರೆ ಉತ್ತರಿಸಬಲ್ಲವರು ಬಹಳವಿಲ್ಲ. ತಮ್ಮ ಮನೆಯ ದೇವರ ಕೋಣೆಯಲ್ಲೇ ಅವರ ಚಿತ್ರವೊಂದಿರಬಹುದೆಂಬುದು ಸಭಾಂಗಣದಲ್ಲಿ ಕುಳಿತವರಿಗೆ ಹೊಳೆಯುವುದೂ ಇಲ್ಲ. ಹೆಸರು ಉಳಿದಿದೆ, ಕೃತಿ ಅದರಿಂದ ಬೇರೆಯಾಗಿ ನಿಂತಿದೆ.

ಇವೆರಡರಲ್ಲಿ ಯಾವುದು ಹೆಚ್ಚಿನ ನಷ್ಟ? ನಮ್ಮ ಉತ್ತರ ಎರಡನೆಯದರ ಕಡೆಗೆ ವಾಲುತ್ತದೆ. ಕಂಚಿಗೆ ಶತಮಾನಗಳ ಆಯುಷ್ಯವಿದೆ. ಹೆಸರನ್ನು ನಾಳೆಯೂ ಕೂಡಿಸಬಹುದು. ರಟ್ಟಿನ ಮೇಲಿನ ಜಲವರ್ಣಕ್ಕೆ ಅಂತಹ ಆಯುಷ್ಯವಿಲ್ಲ. ಮುಂಬಯಿಯ ತೇವ, ಗೆದ್ದಲು, ಗೋದಾಮಿನ ಸೋರಿಕೆ ಇವುಗಳಿಂದ ಪಾರಾಗಿ ಉಳಿದ ಷೋ ಕಾರ್ಡುಗಳು ಕೆಲವೇ. ಕ್ಯಾಲೆಂಡರಿನ ಕಾಗದವೂ ಹಳದಿಗಟ್ಟಿ ಮುರಿಯುತ್ತದೆ. ಪಂಡಿತರ ಚಿತ್ರಗಳು ಇಲ್ಲವಾದ ಮೇಲೆ ರಂಗಮಂದಿರದ ಮೇಲಿನ ಹೆಸರಿಗೆ ಆಧಾರವೇ ಇರದು.

೯. ಮುಂದಿನ ಕೆಲಸ

ಈ ಕೆಲಸವನ್ನು ಕರ್ನಾಟಕದ ಹೊರಗಿರುವ ಸಂಶೋಧಕರೇ ಚೆನ್ನಾಗಿ ಮಾಡಬಲ್ಲರೆಂದು ನಾವು ನಂಬಿದ್ದೇವೆ. ಪಂಡಿತರ ವೃತ್ತಿಜೀವನದ ಸಾಕ್ಷ್ಯಗಳಲ್ಲಿ ಹೆಚ್ಚಿನವು ಇರುವುದು ಮುಂಬಯಿಯಲ್ಲಿ. ಅವುಗಳ ಭಾಷೆ ಮರಾಠಿ, ಹಿಂದಿ, ಇಂಗ್ಲಿಷು. ಕಲಬುರಗಿಯಲ್ಲಿರುವವುಗಳ ಭಾಷೆ ಕನ್ನಡ. ಇವೆರಡನ್ನೂ ಓದಬಲ್ಲವರು ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಕನ್ನಡ ಮನೆಗಳಲ್ಲಿ ಬೆಳೆದ ತರುಣ ತರುಣಿಯರು. ಗ್ರಂಥಾಲಯಗಳಲ್ಲಿ ಸಿಗುವ 'ಫಿಲ್ಮಿಂಡಿಯಾ' ಸಂಚಿಕೆಗಳ ಮುಖಪುಟಗಳನ್ನು ಸಹಿಯ ಆಧಾರದಿಂದ ಪಟ್ಟಿ ಮಾಡುವುದು ಮೊದಲ ಹೆಜ್ಜೆ. ಕನ್ನಡ ಕುಟುಂಬಗಳಲ್ಲಿ ಚೌಕಟ್ಟಿನೊಳಗೆ ಉಳಿದಿರುವ ಕ್ಯಾಲೆಂಡರು ಚಿತ್ರಗಳನ್ನು ಅವು ಬಂದ ವರ್ಷ, ಹಂಚಿದ ಅಂಗಡಿಗಳ ವಿವರಗಳೊಂದಿಗೆ ದಾಖಲಿಸುವುದು ಎರಡನೆಯದು. ನೂತನ ಕಲಾಮಂದಿರದಲ್ಲಿ ಕಲಿತ ಕನ್ನಡಿಗರನ್ನು ಗುರುತಿಸುವುದು ಮೂರನೆಯದು.

ಡೊಂಬಿವಲಿಯ ಶಿಲ್ಪಾಲಯವನ್ನು ನಾವು ಈ ಕೆಲಸಕ್ಕೆ ಮಾದರಿಯಾಗಿ ನೋಡುತ್ತೇವೆ. ವೃತ್ತಿಕಲಾವಿದನ ಸಮಗ್ರ ಕೃತಿಗಳನ್ನು ಒಂದೇ ಸೂರಿನಡಿ ಇಟ್ಟಾಗ ಮಾತ್ರ ಬೇಡಿಕೆಗೆ ಮಾಡಿದ್ದು ಯಾವುದು, ತನ್ನ ಒಳತೋಟಿಗೆ ಮಾಡಿದ್ದು ಯಾವುದು ಎಂಬ ವಿವೇಚನೆ ಸಾಧ್ಯವಾಗುತ್ತದೆ. ಸಾಠೆಯವರ ವಿಷಯದಲ್ಲಿ ಈ ಅನುಕೂಲವಿದೆ. ಪಂಡಿತರ ವಿಷಯದಲ್ಲಿ ಅದನ್ನು ಒದಗಿಸುವುದು ಕನ್ನಡದ ವಿದ್ವತ್ ಲೋಕದ ಹೊಣೆ. ಮುಂಬಯಿ ಕನ್ನಡದ ಚರಿತ್ರೆಯನ್ನು ಮತ್ತೆ ಬರೆಯುವವರು ಅದರಲ್ಲಿ ಕವಿ, ಕತೆಗಾರರ ಜೊತೆಗೆ ಈ ಚಿತ್ರಕಾರನಿಗೂ ಒಂದು ಅಧ್ಯಾಯವನ್ನು ಮೀಸಲಿಡಬೇಕು. ಆ ಅಧ್ಯಾಯವನ್ನು ಬರೆಯಲು ಬೇಕಾದ ಚಿತ್ರಗಳು ಹಾಳಾಗುವ ಮುನ್ನ ಅವುಗಳ ಪಟ್ಟಿಯಾದರೂ ಸಿದ್ಧವಾಗಬೇಕು.